ಟೂಲ್ ಟ್ರಾಲಿ ಡ್ರಾಯರ್‌ಗೆ ಮನೆಯಲ್ಲೇ ಫೋಮ್ ಕತ್ತರಿಸಿ ಹಾಕಿದವರು ಇದ್ದೀರಾ?

ಕೇಳಿದವರು, ಡೊಂಬಿವಲಿಯಿಂದ:

ನನ್ನದು ಚಿಕ್ಕ ಟೂ ವ್ಹೀಲರ್ ಗ್ಯಾರೇಜ್. ಐದು ಡ್ರಾಯರಿನ ಟ್ರಾಲಿ ತಗೊಂಡೆ. ಒಂದು ವಾರ ಚೆನ್ನಾಗಿತ್ತು. ಈಗ ಡ್ರಾಯರ್ ಎಳೆದರೆ ಪಾನಾ (ಸ್ಪ್ಯಾನರ್), ಪಕ್ಕಡ್ (ಇಕ್ಕಳ), ಗೋಟಿ (ಸಾಕೆಟ್) ಎಲ್ಲ ಜಾರಿ ಹಿಂದಿನ ಮೂಲೆಯಲ್ಲಿ ರಾಶಿ. ಹತ್ತು ನಂಬರ್ ಪಾನಾ ಹುಡುಕುವುದೇ ಒಂದು ಕೆಲಸ. ರೆಡಿಮೇಡ್ ಫೋಮ್ ಟ್ರೇ ಬೆಲೆ ಕೇಳಿ ಸುಮ್ಮನಾದೆ. ಡ್ರಾಯರ್ ಒಳಗಿನ ಎತ್ತರ 55 ಎಂಎಂ. ಯಾವ ಫೋಮ್ ತರಲಿ? ಹೇಗೆ ಕತ್ತರಿಸಲಿ? ಗ್ರೀಸು, ಮಳೆಗಾಲ ತಡೆಯುತ್ತದಾ?

ಭೋಸರಿಯಿಂದ:

ಅಣ್ಣಾ, ನಾನು ಗೋಕಾಕ ಕಡೆಯವನು. ಇಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟೂಲ್‌ರೂಮ್ ಕೆಲಸ. ಇದನ್ನು ಮೂರು ಸಲ ಮಾಡಿದ್ದೇನೆ, ಎರಡು ಸಲ ಕೆಡಿಸಿದ್ದೇನೆ. ಕೆಡಿಸಿದ್ದನ್ನೇ ಮೊದಲು ಹೇಳುತ್ತೇನೆ.

ಮೊದಲ ಸಲ ಹಾಸಿಗೆಯ ಸ್ಪಂಜು ಹಾಕಿದೆ. ಅದು ಪಿಯು (ಪಾಲಿಯುರೆಥೇನ್) ಫೋಮ್. ಎಣ್ಣೆ ಕುಡಿಯಿತು, ನೀರು ಕುಡಿಯಿತು. ಕೆಲವು ವರ್ಷಕ್ಕೆ ಅಂಟು ಪುಡಿಯಾಗಿ ಪಾನಾಕ್ಕೆಲ್ಲ ಮೆತ್ತಿಕೊಂಡಿತು. ಎರಡನೇ ಸಲ ಥರ್ಮೋಕೋಲ್. ಕತ್ತರಿಸಿದ್ದೇನೋ ಚೆಂದ ಬಂತು. ರಾತ್ರಿ ರಬ್ಬರ್ ಅಂಟು ಬಳಿದು ಮನೆಗೆ ಹೋದೆ. ಬೆಳಿಗ್ಗೆ ನೋಡಿದರೆ ಒಳಗೆಲ್ಲ ಗುಹೆ! ಆ ಅಂಟಿನ ಸಾಲ್ವೆಂಟ್ ಥರ್ಮೋಕೋಲನ್ನು ಕರಗಿಸಿಬಿಡುತ್ತದೆ.

ಮೂರನೇ ಸಲ ಇವಾ (EVA) ಅನ್ನುವ ಫೋಮ್ ಶೀಟ್. ಚಪ್ಪಲಿಗೆ ಹಾಕುತ್ತಾರಲ್ಲ, ಅದೇ ಜಾತಿ. ಇದರ ಗುಳ್ಳೆಗಳು ಮುಚ್ಚಿರುತ್ತವೆ, ಹಾಗಾಗಿ ನೀರು ಹೀರುವುದಿಲ್ಲ. ಗ್ರೀಸನ್ನು ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಪೆಟ್ರೋಲ್, ಥಿನ್ನರ್ ಮಾತ್ರ ಚೆಲ್ಲಬೇಡಿ, ಉಬ್ಬುತ್ತದೆ. ಸೋಲ್‌ನಷ್ಟು ಗಟ್ಟಿಯದು ಬೇಡ. ಹೆಬ್ಬೆರಳು ಒತ್ತಿದರೆ ಒಳಗೆ ಹೋಗಿ ತಕ್ಷಣ ಎದ್ದು ಬರಬೇಕು.

ಎರಡು ಬಣ್ಣ ತನ್ನಿ. ಕೆಳಗೆ 10 ಎಂಎಂ ಹಳದಿ, ಮೇಲೆ 20 ಎಂಎಂ ಕಪ್ಪು. ಕಪ್ಪನ್ನು ಮಾತ್ರ ಪೂರ್ತಿ ಕತ್ತರಿಸುವುದು. ಪಾನಾ ಎತ್ತಿದರೆ ಅದರ ಆಕಾರದಲ್ಲಿ ಹಳದಿ ಕಾಣುತ್ತದೆ. ಫ್ಯಾಕ್ಟರಿಯಲ್ಲಿ 5ಎಸ್ (ಕೆಲಸದ ಜಾಗ ಅಚ್ಚುಕಟ್ಟಾಗಿಡುವ ಐದು ಸೂತ್ರ) ಅಂತ ತಲೆ ತಿನ್ನುತ್ತಾರಲ್ಲ, ಅದರ ಎರಡನೇ ಎಸ್ ಇದೇ: ಪ್ರತಿ ಸಾಮಾನಿಗೂ ಒಂದು ಜಾಗ. ವಿಮಾನ ರಿಪೇರಿಯವರೂ ಇದನ್ನೇ ನಂಬುತ್ತಾರೆ. ಒಂದು ಸ್ಕ್ರೂಡ್ರೈವರ್ ಎಂಜಿನ್ ಒಳಗೆ ಉಳಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ.

ಆದರೆ ಮೊದಲೇ ಫೋಮ್‌ಗೆ ಬ್ಲೇಡ್ ಹಾಕಬೇಡಿ. ಡ್ರಾಯರ್ ಅಳತೆಗೆ ರಟ್ಟು ಕತ್ತರಿಸಿ, ಮೇಲೆ ಟೂಲ್ ಜೋಡಿಸಿ, ಸುತ್ತ ಗೆರೆ ಎಳೆಯಿರಿ. ಹಾಗೇ ಒಂದು ತಿಂಗಳು ಕೆಲಸ ಮಾಡಿ. ಯಾವುದು ದಿನಕ್ಕೆ ಹತ್ತು ಸಲ ಕೈಗೆ ಬರುತ್ತದೆ, ಯಾವುದು ಸುಮ್ನೆ ಜಾಗ ತಿನ್ನುತ್ತದೆ ಅನ್ನುವುದು ಆಗ ಗೊತ್ತಾಗುತ್ತದೆ. ನಾನು ಅಂದುಕೊಂಡ ಜೋಡಣೆಗೂ ತಿಂಗಳಾದ ಮೇಲೆ ಉಳಿದದ್ದಕ್ಕೂ ಸಂಬಂಧವೇ ಇರಲಿಲ್ಲ.

ಕಪ್ಪು ಶೀಟ್ ಮೇಲೆ ಸಿಲ್ವರ್ ಪೆನ್ನಿನಲ್ಲಿ ಗೆರೆ ಹಾಕಿ. ಪೆನ್ನು ನೆಟ್ಟಗಿರಲಿ. ಕತ್ತರಿಸುವುದು ಗೆರೆಯ ಒಳಗಡೆ, ಗೆರೆಯ ಮೇಲಲ್ಲ. ಒಂದು ಎಂಎಂ ಬಿಗಿ ಇದ್ದರೆ ಫೋಮೇ ಪಾನಾವನ್ನು ಹಿಡಿದುಕೊಳ್ಳುತ್ತದೆ. ಒಂದೇ ಏಟಿಗೆ ಒತ್ತಿ ಕತ್ತರಿಸಿದರೆ ಗೋಡೆ ಓರೆಯಾಗುತ್ತದೆ. ಹಗುರವಾಗಿ ಮೂರು ನಾಲ್ಕು ಸಲ ಎಳೆಯಿರಿ. ಫೋಮ್ ಬ್ಲೇಡನ್ನು ಬೇಗ ಮೊಂಡು ಮಾಡುತ್ತದೆ. ಎಳೆದುಕೊಂಡು ಹರಿಯತೊಡಗಿದರೆ ಕಟ್ಟರ್ ಬ್ಲೇಡಿನ ಮೊಂಡು ತುದಿ ಮುರಿದು ಹೊಸ ಹಲ್ಲು ತೆಗೆಯಿರಿ. ಜಿಪುಣತನ ಇಲ್ಲಿ ಬೇಡ.

ಪ್ರತಿ ಪಾನಾದ ನಡುಭಾಗದಲ್ಲಿ ಬೆರಳು ಹೋಗುವಷ್ಟು ಅರ್ಧಚಂದ್ರ ಕತ್ತರಿಸಿ. ಇದನ್ನು ಮರೆತರೆ ಪಾನಾ ತೆಗೆಯಲು ಇನ್ನೊಂದು ಸ್ಕ್ರೂಡ್ರೈವರ್ ಬೇಕಾಗುತ್ತದೆ.

ಗೋಟಿಗೆ ದುಂಡು ತೂತು ಬೇಕಲ್ವಾ? ಡ್ರಿಲ್ ಹಾಕಿದರೆ ಫೋಮ್ ಸುತ್ತಿಕೊಂಡು ಹರಿಯುತ್ತದೆ. ಗೋಟಿಗಿಂತ ಕೂದಲೆಳೆ ಸಣ್ಣ ಕಬ್ಬಿಣದ ಪೈಪ್ ತುಂಡು ತಗೊಂಡು ಬಾಯಿಯನ್ನು ಒಳಗಡೆಯಿಂದ ಅರದಲ್ಲಿ ಉಜ್ಜಿ ಚೂಪು ಮಾಡಿ. ಕೆಳಗೆ ಮರದ ಹಲಗೆ ಇಟ್ಟು ಪೈಪ್ ತಿರುಗಿಸುತ್ತಾ ಒತ್ತಿ. ರೊಟ್ಟಿಯಿಂದ ಬಿಲ್ಲೆ ತೆಗೆದಂತೆ ಬರುತ್ತದೆ. ಹೊರಗಿನಿಂದ ಚೂಪು ಮಾಡಿದರೆ ತೂತಿನ ಅಂಚು ಜಜ್ಜಿಹೋಗುತ್ತದೆ, ನೆನಪಿರಲಿ.

ರಬ್ಬರ್ ಅಂಟನ್ನೇ ಎರಡೂ ಶೀಟಿಗೆ ಅಲ್ಲಲ್ಲಿ ಮಾತ್ರ ಹಚ್ಚಿ. ಹತ್ತು ಹದಿನೈದು ನಿಮಿಷ ಒಣಗಿ, ಮುಟ್ಟಿದರೆ ಕೈಗೆ ಬರದಿದ್ದಾಗ ಕೂಡಿಸಿ. ಕೂಡಿಸಿದ ಮೇಲೆ ಸರಿಸಲು ಆಗುವುದಿಲ್ಲ. ನಡುವೆ ಪೇಪರ್ ಇಟ್ಟು, ಅಂಚು ಹೊಂದಿಸಿ, ನಿಧಾನಕ್ಕೆ ಪೇಪರ್ ಎಳೆದುಕೊಳ್ಳಿ. ಡ್ರಾಯರ್ ತಳಕ್ಕೆ ಮಾತ್ರ ಅಂಟಿಸಲೇಬೇಡಿ.

ವಾಸ್ಕೋದಿಂದ:

ತಳಕ್ಕೆ ಯಾಕೆ ಅಂಟಿಸಬಾರದು ಅಂತ ನಾನು ಹೇಳುತ್ತೇನೆ. ಇಲ್ಲಿ ಗೋವಾದಲ್ಲಿ ಸಮುದ್ರದ ಉಪ್ಪು ಗಾಳಿ. ನಾನು ದೋಣಿ ಎಂಜಿನ್ ರಿಪೇರಿ ಮಾಡುತ್ತೇನೆ. ಫೋಮ್ ನೀರು ಹೀರುವುದಿಲ್ಲ ಅನ್ನುವುದು ನಿಜ. ಆದರೆ ಪಾನಾ ಜೊತೆ ಹೋದ ನೀರು ಎಲ್ಲಿಗೆ ಹೋಗಬೇಕು? ಆ ಬಿಗಿ ಗುಂಡಿಯಲ್ಲೇ ಕೂರುತ್ತದೆ. ಜೂನ್‌ನಲ್ಲಿ ಒಂದು 17 ನಂಬರ್ ಪಾನಾ ಒದ್ದೆಯಾಗಿಯೇ ಇಟ್ಟುಬಿಟ್ಟಿದ್ದೆ. ಚೌತಿ ಮುಗಿದ ಮೇಲೆ ಎತ್ತಿದರೆ ಹಳದಿ ಫೋಮ್ ಮೇಲೆ ಕೆಂಪಗೆ ಅದರದೇ ಅಚ್ಚು, ನಂಬರ್ ಸಮೇತ. ತಿರುಗುಮುರುಗಾಗಿ 17 ಅಂತ ಓದಲಿಕ್ಕೂ ಬರುತ್ತಿತ್ತು!

ಈಗ ಇಡುವ ಮೊದಲು ಎಣ್ಣೆ ಬಟ್ಟೆಯಲ್ಲಿ ಒರೆಸುತ್ತೇನೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಫೋಮ್ ಎತ್ತಿ ತಳ ನೋಡುತ್ತೇನೆ. ಅಳತೆಯ ವರ್ನಿಯರ್ ಮಾತ್ರ ಅದರ ಡಬ್ಬಿಯಲ್ಲೇ ಇರುತ್ತದೆ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ.

ಅಂಧೇರಿಯಿಂದ:

ಸ್ವಲ್ಪ ತಣ್ಣೀರು ಎರಚುತ್ತೇನೆ, ಬೇಜಾರು ಮಾಡಬೇಡಿ ಸರ್. ನಾನು ಐದೂ ಡ್ರಾಯರಿಗೆ ಫೋಮ್ ಕತ್ತರಿಸಿ ಫೋಟೋ ತೆಗೆದು ಊರಿಗೆಲ್ಲ ಕಳಿಸಿದೆ. ಎರಡೇ ತಿಂಗಳಲ್ಲಿ ಗೋಟಿ ತಿರುಗಿಸುವ ಹೊಸ ರ‍್ಯಾಚೆಟ್ ಬಂತು. ಹಳೆಯದಕ್ಕಿಂತ ಎರಡು ಸೆಂಟಿಮೀಟರ್ ಉದ್ದ. ಇಡುವುದೆಲ್ಲಿ? ಅದಕ್ಕೇ ಮೇಲಿನ ಎರಡು ಡ್ರಾಯರಿಗೆ ಮಾತ್ರ ಫೋಮ್ ಸಾಕು. ಉಳಿದದ್ದಕ್ಕೆ ಪ್ಲೈವುಡ್ ಪಟ್ಟಿ ಹಾಕಿ ಖಾನೆ ಮಾಡಿ. ಸುತ್ತಿಗೆ, ಪುಲ್ಲರ್ (ಬೇರಿಂಗ್ ಎಳೆದು ತೆಗೆಯುವ ಟೂಲ್) ಇವಕ್ಕೆ ಮೆತ್ತನೆ ಹಾಸಿಗೆ ಯಾಕೆ?

ಕುರ್ಲಾದಿಂದ:

ಇವಾ ಶೀಟ್ ಬೇಕಿದ್ದರೆ ಠಕ್ಕರ್ ಬಾಪಾ ಕಾಲೊನಿ ಕಡೆ ಬನ್ನಿ. ಅಲ್ಲಿ ಚಪ್ಪಲಿ, ಬೂಟು ಕೆಲಸದವರು ತುಂಬಾ ಇದ್ದಾರೆ. ತುಂಡು ಶೀಟ್ ಇದೆಯಾ ಅಂತ ಕೇಳಿ ನೋಡಿ. ಟೂಲ್ ಬೇಕಾದರೆ ಮುಂಬೈಯ ನಾಗದೇವಿ ಸ್ಟ್ರೀಟ್, ಅದು ನಿಮಗೆ ಗೊತ್ತೇ ಇರುತ್ತದೆ. ಮಕ್ಕಳು ಆಡುವ ಜೋಡಿಸೋ ಮ್ಯಾಟ್ ಕೂಡ ಇವಾನೇ. ಮೊದಲ ಪ್ರಯೋಗಕ್ಕೆ ಅದು ಅಗ್ಗ.

ಮತ್ತೆ ಡೊಂಬಿವಲಿಯಿಂದ:

ಎಲ್ಲರಿಗೂ ಥ್ಯಾಂಕ್ಸ್. ತಿಂಗಳು ಕಾಯುವ ತಾಳ್ಮೆ ಇರಲಿಲ್ಲ, ಹತ್ತು ದಿನ ರಟ್ಟಿನ ಮೇಲೆ ನಡೆಸಿದೆ. ಮೇಲಿನ ಡ್ರಾಯರ್ ಮುಗೀತು. ಮಗಳ ಹಳೇ ಮ್ಯಾಟ್ ಕೆಳಗೆ, ಹಾಗಾಗಿ ಹಳದಿ ಬದಲು ಗುಲಾಬಿ. ಹುಡುಗರು ನಗುತ್ತಿದ್ದಾರೆ, ನಗಲಿ. ಎರಡು ಗುಂಡಿ ಸಡಿಲ ಆಗಿವೆ, ಗೆರೆ ಮೇಲೇ ಕತ್ತರಿಸಿದ್ದಕ್ಕೆ.

ನಿನ್ನೆ ಶಟರ್ ಎಳೆಯುವ ಮುಂಚೆ ನೋಡಿದರೆ 12 ನಂಬರಿನ ಜಾಗ ಗುಲಾಬಿ. ಸಂಜೆ ಹೋದ ಸ್ಕೂಟರ್ ಗಿರಾಕಿಗೆ ಫೋನ್ ಮಾಡಿದೆ. ಸೀಟಿನ ಕೆಳಗಿನ ಡಿಕ್ಕಿಯಲ್ಲೇ ಇತ್ತಂತೆ. ನಾಳೆ ಆಫೀಸಿಗೆ ಹೋಗುವಾಗ ಕೊಟ್ಟು ಹೋಗುತ್ತಾರಂತೆ.