ಪಂದಿ ಹಂದಿಯಾದರೆ ಪಾಲ್ ಏನಾಗುತ್ತೆ?

ನಮಸ್ಕಾರ ಎಲ್ಲರಿಗೂ. ಸ್ಕೂಲಿಗೆ ಸೇರಿದ ಮೇಲೆ ಮಕ್ಕಳು ಮನೆಯಲ್ಲೂ ಇಂಗ್ಲಿಷೇ ಆಡುತ್ತಾರೆ, ಏನು ಮಾಡೋದು ಅಂತ ಹೋದ ವಾರ ನಮ್ಮ ಈ ಗುಂಪಿನಲ್ಲಿ ಒಬ್ಬರು ಕೇಳಿದ್ದರಲ್ಲ. ಶನಿವಾರದ ಕನ್ನಡ ಕ್ಲಾಸು, ಅಜ್ಜಿ ಜೊತೆ ವಿಡಿಯೋ ಕಾಲು, 'ಕನ್ನಡದಲ್ಲಿ ಕೇಳಿದರೆ ಮಾತ್ರ ಚಾಕ್ಲೇಟು', ಎಲ್ಲ ಸಲಹೆಯೂ ಬಂತು. ನಾನು ಸುಮ್ಮನಿದ್ದೆ. ಅಷ್ಟೂ ಮಾಡಿ ಸೋತವಳು ನಾನು. ನನ್ನ ಮಗಳಿಗೆ ಒಂಬತ್ತು ವರ್ಷ. ಕನ್ನಡ ಅರ್ಥ ಆಗುತ್ತೆ, ಬಾಯಿಗೆ ಬರಲ್ಲ. ಮೆಲ್ಬರ್ನ್‌ನಲ್ಲಿ ಯಾರೇ ಕೇಳಲಿ, ಇದೇ ಮಾತು ಹೇಳಿ ಹೇಳಿ ನನಗೆ ಬಾಯಿಪಾಠ ಆಗಿದೆ.

ಈಗ ಅಲ್ಲಿ ಬೇಸಿಗೆ ರಜೆ, ನಾವು ಊರಿಗೆ ಬಂದಿದ್ದೇವೆ. ಮಧ್ಯೆ ಮೂರು ದಿನ ಮಡಿಕೇರಿ. ಕೊಡಗು ಅಂದ ಕೂಡಲೇ ತುಮಕೂರಿನ ನಮ್ಮ ಅತ್ತೆಗೆ ಗಾಬರಿ. 'ಅಲ್ಲಿ ನಮಗೆ ತಿನ್ನೋಕೆ ಏನು ಸಿಗುತ್ತೆ?' ಅಂತ ಒಂದು ಡಬ್ಬಿ ಚಪಾತಿ, ಚಟ್ನಿಪುಡಿ ಕಟ್ಟಿಕೊಟ್ಟರು. ಎರಡು ದಿನ ಅದೂ ಇದೂ ತಿಂದು ಕಳೆಯಿತು. ಹೊರಡುವ ದಿನ ರಾಜಾಸೀಟ್ ನೋಡಿ, ಹತ್ತೂವರೆಗೆ ಹೊಟ್ಟೆ ಹಸಿದು, ಹೋಮ್‌ಸ್ಟೇಯವರು ಹೇಳಿದ್ದ ಒಂದು ಕೆಫೆಗೆ ಹೋದೆವು. ತಿಂಡಿಗೆ ತಡ, ಊಟಕ್ಕೆ ಬೇಗ. ಮೆಲ್ಬರ್ನ್ ಭಾಷೆಯಲ್ಲಿ ಬ್ರಂಚು.

ಮನೆಯ ಜಗುಲಿಯನ್ನೇ ಕೆಫೆ ಮಾಡಿದ್ದಾರೆ. ಪಕ್ಕದ ಕಣದಲ್ಲಿ ಕಾಫಿ ಹಣ್ಣು ಒಣಗಲು ಹರಡಿತ್ತು. ನಡೆಸುವವರು ಅರವತ್ತರ ಆಚೆಯ ಒಬ್ಬರು ಆಂಟಿ. ನಾನು ಎಲ್ಲ ಕಡೆ ಕೇಳುವ ಪ್ರಶ್ನೆಯನ್ನೇ ಕೇಳಿದೆ, 'ವೆಜ್ ಏನಿದೆ?'

'ವೆಜ್ ಬೇಕಂದ್ರೆ ನೀವು ಮಳೆಗಾಲಕ್ಕೆ ಬರಬೇಕಿತ್ತು' ಅಂದರು.

ಆಮೇಲೆ ನಿಂತುಕೊಂಡೇ ಶುರು ಮಾಡಿದರು. ಬಿದಿರಿನ ಕಣಿಲೆ, ಅಂದರೆ ಎಳೆ ಮೊಳಕೆ, ಬರೋದು ಮಳೆಯಲ್ಲಿ. ಅದನ್ನು ಹೆಚ್ಚಿ, ನೀರಲ್ಲಿ ನೆನೆಸಿ, ನೀರು ಬದಲಾಯಿಸಿ, ಆಮೇಲೆ ಬೈಂಬಳೆ ಕರಿ. ಅಣಬೆಯ ಕುಮ್ಮು ಕರಿಯೂ ಆಗಲೇ. ಕೆಸುವಿನ ಎಲೆಯದ್ದು ಇನ್ನೊಂದು. ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಅಂದರೆ ಆಗಸ್ಟ್ ಮೊದಲ ವಾರ, ಮದ್ದು ಸೊಪ್ಪಿನ ಪಾಯಸ. ಬಣ್ಣ ನೇರಳೆ. ಮಾರನೇ ದಿನ ಉಚ್ಚೆಯೂ ಕೆಂಪಗೆ ಬರುತ್ತೆ ಅಂತ ಆಂಟಿ ಹೇಳಿದ್ದೇ ತಡ, ಮಗಳು ಮೊಬೈಲ್ ಕೆಳಗಿಟ್ಟಳು. ಇಷ್ಟು ಒಳ್ಳೆ ಕನ್ನಡ ವಾಕ್ಯವನ್ನು ಅವಳಿಗೆ ಯಾವ ಶನಿವಾರದ ಕ್ಲಾಸಿನಲ್ಲೂ ಹೇಳಿಕೊಟ್ಟಿರಲಿಲ್ಲ.

ಅಂದು ನಮಗೆ ಸಿಕ್ಕಿದ್ದು ಅಕ್ಕಿ ಒಟ್ಟಿ, ಎಳ್ಳು ಪಜ್ಜಿ (ಎಳ್ಳಿನ ಚಟ್ನಿ), ಕುಂಬಳಕಾಯಿ ಕರಿ. ಮಗಳಿಗೆ ನೂಲ್‌ಪುಟ್ಟು, ಮೇಲೆ ಬೆಲ್ಲ ಹಾಕಿದ ಕಾಯಿಹಾಲು. ನಮ್ಮ ಶಾವಿಗೆಯೇ ಅಂದುಕೊಳ್ಳಿ. ಒಟ್ಟಿಯನ್ನು ನಮ್ಮ ಅಕ್ಕಿ ರೊಟ್ಟಿ ಅಂದುಕೊಂಡು ಹೋದರೆ ಮೋಸ ಹೋಗುತ್ತೀರಿ. ಅನ್ನವನ್ನೂ ಹಿಟ್ಟಿನ ಜೊತೆ ನಾದಿರುತ್ತಾರೆ, ತಣ್ಣಗಾದರೂ ಮೆತ್ತಗೆ. ಬೆಲ್ಲದ ಕಾಫಿಗೆ ಹಾಲಿಲ್ಲ. ನಮ್ಮ ಯಜಮಾನರು ಎರಡು ಲೋಟ ಕುಡಿದರು. ಪಕ್ಕದ ಟೇಬಲ್‌ನವರು ಕಡಂಬುಟ್ಟು ಅನ್ನೋ ಅಕ್ಕಿ ಉಂಡೆ, ಪಂದಿ ಕರಿ ತಿನ್ನುತ್ತಿದ್ದರು. ಅವರ ತಟ್ಟೆ ಅವರಿಗೆ, ನಮ್ಮದು ನಮಗೆ. ಸೌಟು ಬೇರೇನಾ ಅಂತ ಕೇಳಬೇಕು ಅನ್ನಿಸಿತ್ತು, ಕೇಳುವ ಮೊದಲೇ ಆಂಟಿ 'ನಿಮ್ಮ ಪಾತ್ರೆ ಬೇರೆ, ಆರಾಮಾಗಿ ತಿನ್ನಿ' ಅಂದರು. ದಿನಾ ಹತ್ತು ಜನ ಕೇಳುತ್ತಾರೇನೋ.

ಅಷ್ಟರಲ್ಲಿ ಮಗಳು ಮೆನು ಓದಿ ಇಂಗ್ಲಿಷಲ್ಲಿ ಕೇಳಿದಳು, ಪಂದಿ ಅಂದರೆ ಏನು ಅಂತ.

'ನಮ್ಮ ಪಂದಿ, ನಿಮ್ಮ ಹಂದಿ' ಅಂದರು ಆಂಟಿ. 'ಪಂದಿ ಹಂದಿಯಾದರೆ ನಮ್ಮ ಪಾಲ್ ಏನಾಗುತ್ತೆ ಹೇಳು?'

ಎರಡು ಸೆಕೆಂಡ್. 'ಹಾಲು!'

'ಪತ್ತ್?' 'ಹತ್ತು!' 'ಪುಳಿ?' 'ಹುಳಿ!'

ಸಾಂಬಾರಿಗೆ ಮೂಗು ಮುರಿಯುವ ಹುಡುಗಿ ಕುರ್ಚಿ ಮೇಲೆ ಮೊಣಕಾಲೂರಿ ಕೂತಿದ್ದಳು. ಪುಟ್ಟು ಹಿಟ್ಟು ಅಂತ ತಾನೇ ಕಂಡುಹಿಡಿದಳು. ನೂಲ್‌ಪುಟ್ಟು ಅಂದರೆ ದಾರದ ಹಿಟ್ಟು ಅಂತ ನಾನು ಹೇಳಿಕೊಟ್ಟೆ. ಹೈಸ್ಕೂಲಿನ ಹಳಗನ್ನಡ ಪಾಠ ನನಗೆ ಆಗ ನೆನಪಾಯಿತು. 10ನೇ ಶತಮಾನದ ಪಂಪನಿಗೂ ಹಾಲು ಪಾಲೇ, ಹತ್ತು ಪತ್ತೇ. ನಮ್ಮ 'ಪ' ಆಮೇಲೆ 'ಹ' ಆಯಿತು, ಕೊಡವರದ್ದು ಹಾಗೇ ಉಳಿಯಿತು.

ಖುಷಿಯಲ್ಲಿ ಆಂಟಿಗೆ, 'ನಿಮ್ಮ ಮೊಮ್ಮಕ್ಕಳಿಗೂ ಹೀಗೇ ಕಲಿಸಿರಬೇಕು ಅಲ್ವಾ?' ಅಂದೆ.

'ಒಬ್ಬ ಇದ್ದಾನೆ, ಬೆಂಗಳೂರಲ್ಲಿ. ಇಂಗ್ಲಿಷು, ಕನ್ನಡ ಚೆನ್ನಾಗಿ ಮಾತಾಡ್ತಾನೆ. ನಮ್ಮ ಭಾಷೆ, ಕೊಡವ ತಕ್ಕ್, ಅರ್ಥ ಆಗುತ್ತೆ, ಬಾಯಿಗೆ ಬರಲ್ಲ.'

ನನ್ನದೇ ಮಾತು, ಅಕ್ಷರ ಬಿಡದೆ. ವ್ಯತ್ಯಾಸ ಇಷ್ಟೇ, ಅವರ ಮನೆಯಲ್ಲಿ ಇಂಗ್ಲಿಷ್ ಜೊತೆ ಕೂತಿರುವ ದೊಡ್ಡ ಭಾಷೆ ನಮ್ಮ ಕನ್ನಡ. ಅವರು ಬೇಸರದಿಂದೇನೂ ಹೇಳಲಿಲ್ಲ, ಲೋಟ ಎತ್ತಿಕೊಂಡು ಹೋದರು. ನನಗೇ ಮುಜುಗರ ಆಯಿತು. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಅಂದವರು ಸುಮಾರು 4.37 ಕೋಟಿ, ಕೊಡವ ತಕ್ಕ್ ಅಂದವರು ಸುಮಾರು 1.14 ಲಕ್ಷ. ಯುನೆಸ್ಕೋ ಅದನ್ನು ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿ ಇಟ್ಟಿದೆ. ಕನ್ನಡ ಉಳಿಯೋದೇ ನನ್ನ ಮಗಳ ನಾಲಿಗೆ ಮೇಲೆ ಅನ್ನೋ ಹಾಗೆ ಅವಳನ್ನು ದಿನಾ ಬೈಯುತ್ತಿದ್ದೆನಲ್ಲ, ಅದು ಸ್ವಲ್ಪ ಜಾಸ್ತಿಯೇ ಆಗಿತ್ತು.

ಬಿಲ್ ಕೊಡುವಾಗ ಮಗಳು ಕೊನೆಯದೊಂದು ಎಸೆದಳು. 'ಆಂಟಿ, ಪುಲಿ ಅಂದ್ರೆ ಹುಲಿ!'

'ನೀನು ಸೋತೆ ನೋಡು' ಅಂದರು. 'ನಮ್ಮಲ್ಲಿ ಹುಲಿಗೆ ನರಿ ಅಂತಾರೆ.' ಹಿಂದೆ ಹುಲಿ ಕೊಂದವನಿಗೆ ಆ ಹುಲಿಯ ಜೊತೆ ಮದುವೆಯ ಶಾಸ್ತ್ರ ಮಾಡುತ್ತಿದ್ದರಂತೆ, ಅದೇ ನರಿ ಮಂಗಲ. ಮಗಳ ಕಣ್ಣು ಕಾಫಿ ಲೋಟದಷ್ಟಾಯಿತು.

ಸುಂಟಿಕೊಪ್ಪದ ಹತ್ತಿರ ಬಂದಾಗ ಹಿಂದಿನ ಸೀಟಿನಿಂದ ಪ್ರಶ್ನೆ. ಹುಲಿ ನರಿಯಾದರೆ, ನರಿಗೆ ಅವರು ಏನಂತಾರೆ? ನನಗೆ ಗೊತ್ತಿಲ್ಲ ಅಂದೆ. ಬಿಲ್ ಮೇಲಿನ ನಂಬರಿಗೆ ಅವಳೇ ಫೋನ್ ಮಾಡಿದಳು. ನಾನು ಹೇಳಿಕೊಡಲು ಬಾಯಿ ತೆರೆದೆ, ಯಜಮಾನರು ಕೈ ಅಡ್ಡ ಹಿಡಿದರು.

'ಆಂಟಿ, ನಾನು... ಬೆಳಿಗ್ಗೆ ನೂಲ್‌ಪುಟ್ಟು ತಿಂದಿದ್ದು ನಾನು. ನಿಮ್ಮ ನರಿ ನಮ್ಮ ಹುಲಿ. ನಮ್ಮ ನರಿ ನಿಮ್ಮ ಏನು?'

ಆಂಟಿ ನಕ್ಕಿದ್ದು ಮುಂದಿನ ಸೀಟಿಗೂ ಕೇಳಿಸಿತು.