ದ್ರಾಕ್ಷಿ ಗಂಟಲಲ್ಲಿ ಸಿಕ್ಕಿಕೊಂಡಿತ್ತು, ಇನ್ನು ಕೊಡೋದೇ ಬೇಡವಾ?

ಪ್ರಶ್ನೆ: ಮಗಳಿಗೆ ಎರಡು ವರ್ಷ. ನಿನ್ನೆ ಓಡಾಡುತ್ತಾ ದ್ರಾಕ್ಷಿ ತಿನ್ನುತ್ತಿದ್ದಳು. ಇದ್ದಕ್ಕಿದ್ದಂತೆ ಕೆಮ್ಮು, ಕಣ್ಣಲ್ಲಿ ನೀರು. ಕೆಮ್ಮಿ ಕೆಮ್ಮಿ ಹಣ್ಣು ಹೊರಗೆ ಬಿತ್ತು. ಇಡೀ ಹಣ್ಣು, ಹಲ್ಲಿನ ಗುರುತೂ ಇಲ್ಲ! ನನ್ನ ಕೈ ಇನ್ನೂ ನಡುಗುತ್ತಿದೆ.

ಉತ್ತರ 1: ಕೊಡಿ, ಆದರೆ ಉದ್ದಕ್ಕೆ ನಾಲ್ಕು ಸೀಳು ಮಾಡಿ. ಅಡ್ಡ ಕತ್ತರಿಸಿದರೆ ಗುಂಡಗೇ ಉಳಿಯುತ್ತೆ, ಉಸಿರಿನ ದಾರಿಗೆ ಬಿರಡೆ ಹಾಕಿದ ಹಾಗೆ. ನಮ್ಮನೇಲಿ ಕೂತೇ ತಿನ್ನಬೇಕು, ಮಗ ಎಷ್ಟು ಅತ್ತರೂ ಸರಿ.

ಉತ್ತರ 2: ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸುಮ್ನೆ ಬಾಯಿಗೆ ಬೆರಳು ಹಾಕಬೇಡಿ, ಇನ್ನೂ ಒಳಗೆ ಹೋಗಬಹುದು. ದನಿಯೇ ಬರದಿದ್ದರೆ ಆಂಬುಲೆನ್ಸ್ ಕರೆಯಲು ಕೂಗಿ ಹೇಳಿ, ಮಗುವನ್ನು ಮುಂದಕ್ಕೆ ಬಗ್ಗಿಸಿ, ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಸಲ ಬಲವಾಗಿ ಬಡಿಯಿರಿ.

ಪ್ರಶ್ನೆ ಕೇಳಿದವರು: ಅಯ್ಯೋ, ನಾನು ಬೆರಳು ಹಾಕಲು ಹೋಗಿದ್ದೆ!