ಪದಚರ್ಚೆ: ಅಡ್ಡ ಹೊಡಿಯೋ ಮಳಿಗೆ ಏನಂತೀರಿ? ಮತ್ತ ಉಲ್ಟಾ ಆದ ಛತ್ರಿ ಬೋರಲೋ, ಅಂಗಾತೋ?

ಎಲ್ಲಾರಿಗೂ ನಮಸ್ಕಾರ್ರೀ. ನಾನು ಯಲಬುರ್ಗಾ ತಾಲೂಕಿನ ಒಂದು ಹೈಸ್ಕೂಲಿನ್ಯಾಗ ವಿಜ್ಞಾನ ಹೇಳೋ ಮಾಸ್ತರ. ಪದದ ವಿಷಯಕ್ಕ ಬರೋ ಮೊದಲ ಸ್ವಲ್ಪ ಕತಿ ಹೇಳಬೇಕಾಗತೈತಿ, ಬ್ಯಾಸರ ಮಾಡ್ಕೋಬ್ಯಾಡ್ರಿ, ಕತಿ ಬಿಟ್ರ ಪ್ರಶ್ನೆ ಅರ್ಥ ಆಗಂಗಿಲ್ಲ.

ಈ ಸಲ ವಿಜ್ಞಾನ ವಸ್ತುಪ್ರದರ್ಶನಕ್ಕ ನಮ್ಮ ಒಂಬತ್ತನೇತ್ತಾ ಹುಡುಗ್ರು ಒಂದು ಛತ್ರಿ ಮಾಡ್ಯಾರ. ಛತ್ರಿಯೊಳಗೇನೈತಿ ಹೊಸಾದು ಅಂತ ನಾನೂ ಮೊದಲ ನಕ್ಕೆ. ಆದ್ರ ನಮ್ಮ ಕಡಿ ಗಾಳಿ ಗೊತ್ತಲ್ರಿ, ಗುಡ್ಡದ ಮ್ಯಾಲೆಲ್ಲಾ ಕರೆಂಟ್ ತಯಾರಿಸೋ ಫ್ಯಾನ್ ಸುಮ್ಮನ ನಿಲ್ಲಿಸಿಲ್ಲ, ಆಷಾಢದಾಗ ಮಳಿ ನಾಕ್ ಹನಿ, ಗಾಳಿ ಮಾತ್ರ ಸೈಕಲ್ ಹಿಂದಕ್ಕ ನೂಕೂವಷ್ಟು. ಅಂಥಾ ಗಾಳಿಯೊಳಗ ಒಬ್ಬಾಕಿ ಹುಡುಗಿ ಪೂರಾ ತೊಯ್ಸಿಕೊಂಡು ಕ್ಲಾಸಿಗೆ ಬಂದ್ಲು, ಕೈಯಾಗ ಛತ್ರಿ ಇತ್ತು, ಛತ್ರಿ ಬಾಯಿ ಆಕಾಶ ನೋಡತಿತ್ತು. "ಛತ್ರಿ ತಂದು ಯಾಕ ತೊಯ್ಸಿಕೊಂಡಿ" ಅಂದ್ರ "ಸರ್ರ, ಮಳಿ ಮ್ಯಾಲಿಂದ ಬರಲಿಲ್ರಿ, ಬಾಜೂಕಿಂದ ಬಂತ್ರಿ" ಅಂದ್ಲು. ಪ್ರಾಜೆಕ್ಟ್ ಹುಟ್ಟಿದ್ದು ಅಲ್ಲಿ. ನನ್ನ ಪ್ರಶ್ನೆ ಹುಟ್ಟಿದ್ದೂ ಅಲ್ಲೇ, ಆ ಬಾಜೂಕಿಂದ ಬರೋ ಮಳಿಗೆ ಕನ್ನಡದಾಗ ಹೆಸರೇನು? ಚಾರ್ಟಿನ ಮ್ಯಾಲೆ ದೊಡ್ಡಕ್ಷರದಾಗ ಬರೀಬೇಕು.

ನಮ್ಮನಿಯೊಳಗ ನಾವು ಅದಕ್ಕ ಹೆಸರು ಇಟ್ಟಿದ್ದ ನಾ ಕೇಳಿಲ್ಲ. "ಮಳಿ ಒಳಗ ಹೊಡೀತೈತಿ, ಬಾಗಲಾ ಮುಂದ ಮಾಡು" ಅಂತೀವಿ, ಅಷ್ಟ. ಕ್ರಿಯಾಪದ ಐತಿ, ನಾಮಪದ ಇಲ್ಲ. ಬಾಳ ಆದ್ರ "ಅಡ್ಡಮಳಿ". ಹುಡುಗ್ರು ಮೊದಲ "ಜಡಿಮಳೆ" ಅಂತ ಬರದಿದ್ರು, ನಾ ಹೊಡದ ಹಾಕ್ಸಿದೆ, ಯಾಕಂದ್ರ ಜಡಿ ಹಿಡಿಯೋದು ಅಂದ್ರ ಎರಡ್ಮೂರು ದಿನ ಬಿಡದ ಸುರಿಯೋದು, ಅದು ನೆಟ್ಟಗ ಬಿದ್ರೂ ಜಡಿನ. ಅದು ಎಷ್ಟೊತ್ತು ಅನ್ನೋ ಮಾತು, ಯಾವ ಕಡಿಯಿಂದ ಅನ್ನೋ ಮಾತಲ್ಲ.

ನಮ್ಮ ಮನಿಯಾಕಿ ಹಾಸನದ ಕಡಿಯವರು. ಅವರು "ಇರಚಲು" ಅಂತಾರ. "ಇರಚಲು ಹೊಡೀತಿದೆ, ಕಿಟಕಿ ಹಾಕಿ." ಪುಸ್ತಕದ ಕನ್ನಡದಾಗ ಎರಚಲು. ನೀರು ಎರಚು, ಕಣ್ಣಿಗೆ ಮಣ್ಣೆರಚು ಅಂತೀವಲ್ಲ, ಅದ ಎರಚು, ಯಾರೋ ಬೊಗಸಿ ತುಂಬ ತಗೊಂಡು ನಮ್ಮ ಮೈಮ್ಯಾಲೆ ಚೆಲ್ಲಿದಂಗ. ಇಲ್ಲಿ ಚೆಲ್ಲಾಕತ್ತಿದ್ದು ಗಾಳಿ. ನನಗ ಈ ಪದ ಬಾಳ ಹಿಡಿಸ್ತು. ಆದ್ರ ಒಂದು ಗಂಟು ಐತಿ. ಅವರು ಇರಚಲು ಅನ್ನೋದು ಮನಿ ಒಳಗ ನಿಂತಾಗಷ್ಟ, ಜಗಲಿಗೆ, ಕಿಟಕಿಗೆ, ಪಡಸಾಲಿಗೆ ಬಂದು ಬಡಿಯೋದಕ್ಕ. ಬಯಲಿನ್ಯಾಗ ಛತ್ರಿ ಹಿಡ್ಕೊಂಡು ಹೋಗುವಾಗ ಕಾಲಿಗೆ ಬಡಿಯೋದನ್ನ ಇರಚಲು ಅಂತೀರೇನು ಅಂತ ಕೇಳಿದ್ರ ಸ್ವಲ್ಪ ತಡದು "ಅನ್ನಬೋದು, ಆದ್ರೆ ಅಂದಿಲ್ಲ" ಅಂದ್ರು. ಮಲೆನಾಡು, ಹಳೇಮೈಸೂರು ಕಡಿಯವರು ಇಲ್ಲಿ ಇದ್ರ ಹೇಳ್ರಿ, ಬಯಲಿನ್ಯಾಗೂ ಎರಚಲು ನಡೀತೈತೇನು?

ಸುತ್ತಲಿನ ಭಾಷೆ ನೋಡಿದ್ರ ಹೊಟ್ಟೆಕಿಚ್ಚು ಆಗತೈತಿ. ರಾಯಚೂರಿನ್ಯಾಗ ನನ್ನ ಜೋಡಿ ಬಿ.ಎಡ್ ಓದಿದ ಗೆಳ್ಯಾ ಒಬ್ಬ ಅದಾನ, ಮನಿ ಮಾತು ತೆಲುಗು, ಅಂವ ಪಟ್ಟನ "ಜಲ್ಲು" ಅಂದ, ಜಲ್ಲು ಕೊಡ್ತದ ಅಂತ ಕನ್ನಡದಾಗೂ ಅಂತಾನ. ಹಿಂದಿಯೊಳಗ ಬೌಛಾರ್ ಐತಿ, ಮೂಲ ಅರ್ಥನ ಗಾಳಿಗೆ ಓರೆಯಾಗಿ ಬರೋ ಮಳಿ. ತಮಿಳಿನ್ಯಾಗ ಸಾರಲ್. ಎಲ್ಲಾರಿಗೂ ನಾಮಪದ ಐತಿ, ನಾವಷ್ಟ "ಹೊಡೀತೈತಿ" ಅಂತ ಕುಂತೀವಿ. ಮಳಿ ಕಮ್ಮಿ ಇದ್ದ ಊರಾಗ ಮಳಿ ಪದನೂ ಕಮ್ಮಿ ಇರತಾವು ಅಂತೀರೇನೋ, ಆದ್ರ ಗಾಳಿ ಪದಕ್ಕ ನಮ್ಮಲ್ಲಿ ಬರ ಇಲ್ರಿ, ಅದಕ್ಕ ಮುಂದ ಬರ್ತೀನಿ.

ಹುಡುಗ್ರಿಗೆ ಮಳಿ ಯಾಕ ಓರೆ ಆಗತೈತಿ ಅಂತ ಹೇಳಬೇಕಿತ್ತು. ಪಾಠದ ಭಾಷೆಯೊಳಗ ಹೇಳಿದ್ರ ಹಿಂಗ: 2 ಮಿಲಿಮೀಟರ್ ಅಗಲದ ಹನಿ ಸುಮಾರು ಸೆಕೆಂಡಿಗೆ 6.5 ಮೀಟರ್ ವೇಗದಾಗ ಇಳೀತೈತಿ, ಅಂದ್ರ ತಾಸಿಗೆ 23 ಕಿಲೋಮೀಟರ್. ಗಾಳಿನೂ ಅಷ್ಟ ವೇಗ ಇದ್ರ ಮಳಿ 45 ಡಿಗ್ರಿ ವಾಲತೈತಿ. 1 ಮಿಲಿಮೀಟರಿನ ಸಣ್ಣ ಹನಿ ಇಳಿಯೋದು ಸೆಕೆಂಡಿಗೆ 4 ಮೀಟರ್ ಅಷ್ಟ, ಅದ ಗಾಳಿಗೆ ಅದು ಇನ್ನೂ ಮಲಗತೈತಿ. ಒಂದು ಮೀಟರ್ ಅಗಲದ ಛತ್ರಿ ನೆಟ್ಟಗ ಹಿಡಿದ್ರ ಅಂಚು ನಮ್ಮಿಂದ ಅರ್ಧ ಮೀಟರ್ ಮುಂದ ಇರತೈತಿ, 45 ಡಿಗ್ರಿ ಮಳಿಗೆ ಅಂಚಿನಿಂದ ಕೆಳಗ ಅರ್ಧ ಮೀಟರ್ ತನಕ ಒಣಾ, ಅಂದ್ರ ತಲಿ, ಹೆಗಲು, ಎದಿ ಮುಗೀತು. ಕೆಳಗಿಂದೆಲ್ಲಾ ಮಳಿರಾಯನ ಪಾಲು.

ಇದನ್ನ ಹೇಳಿ ಮುಗಿಸಿದ ಮ್ಯಾಲೆ ಹಿಂದಿನ ಬೆಂಚಿನ ಒಬ್ಬ "ಸರ್ರ, ಇದು ರಾಶಿ ತೂರಿದಂಗ ಆತಲ್ರಿ" ಅಂದ. ನಾ ಬೆರಗಾದೆ. ಅದ ನೋಡ್ರಿ! ಕಣದಾಗ ಎತ್ತರ ನಿಂತು ಮೊರದಾಗಿಂದ ಕಾಳು ಬಿಟ್ರ ಗಟ್ಟಿ ಕಾಳು ಬುಡಕ್ಕ ಬೀಳತೈತಿ, ಜೊಳ್ಳು ಸ್ವಲ್ಪ ದೂರ, ಹೊಟ್ಟು ಹಾರಿ ಎಲ್ಲೋ. ದಪ್ಪ ಹನಿ ಕಾಳು, ಸಣ್ಣ ಹನಿ ಹೊಟ್ಟು. ಇನ್ನ ಮಜಾ ಅಂದ್ರ ತಮಿಳಿನ್ಯಾಗ ಸಣ್ಣ ಹನಿ ಮಳಿಗೆ ತೂಱಲ್ ಅಂತಾರ, ಕಾಳು ತೂರೋದಕ್ಕ ತೂಱ್ಱು ಅಂತಾರ, ಎರಡೂ ಅಕ್ಕಪಕ್ಕದ ಪದ. ಕನ್ನಡದಾಗ ನಮಗ ರಾಶಿ ತೂರೋದು ಉಳದೈತಿ, ಗಾಳಿ ಬಂದಾಗ ತೂರಿಕೋ ಅಂತ ಗಾದಿನೂ ಐತಿ. ಹಂಗಾದ್ರ "ತೂರುಮಳೆ" ಅಂತ ಮಾಡಿದ್ರ ಹ್ಯಾಂಗ? ಕೇಳಾಕ ಚೊಲೋ ಐತಿ, ಅರ್ಥನೂ ಕರಾರುವಾಕ್ಕು, ಆದ್ರ ಯಾರೂ ಅನ್ನದ ಪದ ಚಾರ್ಟಿಗೆ ಹಾಕಿ ಬಂದವರಿಗೆಲ್ಲಾ ಅರ್ಥ ಬಿಡಿಸಿ ಹೇಳ್ಕೋತ ನಿಲ್ಲೋದು ನನಗ ಸೇರಂಗಿಲ್ಲ. ಅದಕ್ಕ ನನ್ನ ಮನಸು ಹಿಂಗೈತಿ, ಹೆಸರಿಗೆ ಎರಚಲು ಇರಲಿ, ವಿವರಣೆಯೊಳಗ "ಗಾಳಿ ಹನಿಯನ್ನ ತೂರತದೆ" ಅಂತ ಬರಲಿ. ಇರೋ ಪದಾನ ಒಂದು ಹೆಜ್ಜಿ ಅಂಗಳಕ್ಕ ಇಳಿಸೋದು ಹೊಸಾದು ಕಟ್ಟೋದಕ್ಕಿಂತ ಪಾಡ. ಇದಕ್ಕ ಯಾರರ ತಕರಾರು ಇದ್ರ ಕಾರಣ ಸಮೇತ ಬರೀರಿ.

ಎರಡನೇದ್ದು ಇನ್ನೂ ಜಗಳದ್ದು. ಗಾಳಿಗೆ ಛತ್ರಿ ಉಲ್ಟಾ ಹೊಡೀತೈತಲ್ರಿ, ಅದಕ್ಕ ಏನನ್ನಬೇಕು? ಸ್ಟಾಫ್‌ರೂಮಿನ್ಯಾಗ ಎರಡು ಪಾರ್ಟಿ ಆಗ್ಯಾವು. ನಮ್ಮ ಕನ್ನಡ ಮೇಡಂ "ಬೋರಲಾಯಿತು" ಅನ್ರಿ ಅಂತಾರ, ಮ್ಯಾಲಿಂದು ಕೆಳಗಾದ್ರ ಬೋರಲು ಅಂತ ಅವರ ವಾದ. ನಾ ಒಪ್ಪಂಗಿಲ್ಲ. ಬೋಗುಣಿ ಬೋರಲು ಹಾಕು ಅಂದ್ರ ಬಾಯಿ ನೆಲಕ್ಕ ಮಾಡಿ ಇಡು ಅಂತ. ಬಕ್ಕಬೋರಲು ಬಿದ್ದ ಅಂದ್ರ ಮಾರಿ ನೆಲಕ್ಕ. ಅಂದಮ್ಯಾಲೆ ಛತ್ರಿ ಸರಿ ಇದ್ದಾಗನ ಬೋರಲು ಐತಿ! ಅದರ ಬಾಯಿ ನಮ್ಮ ಕಡಿ ಐತಿ. ಗಾಳಿ ಹೊಡದ ಮ್ಯಾಲೆ ಅದು ಅಂಗಾತ ಆಗತೈತಿ, ಬಾಯಿ ಆಕಾಶಕ್ಕ. ಅಂದ್ರ ಛತ್ರಿಯೊಳಗ ಬೋರಲು ಇರೋದು ನೆಟ್ಟಗ ಇದ್ದಂಗ, ಅಂಗಾತ ಆಗೋದು ಕೆಟ್ಟಂಗ, ಮನುಷ್ಯಾರ ಮಲಗೋ ಲೆಕ್ಕಕ್ಕ ಪೂರಾ ಉಲ್ಟಾ. ಮೇಡಂ ಮಾತ್ರ "ಅಂಗಾತ ಅನ್ನೋದು ಬೆನ್ನು ಇದ್ದೋರಿಗೆ, ಛತ್ರಿಗೆ ಬೆನ್ನೆಲ್ಲೈತಿ ಸರ್" ಅಂದು ಚಹಾ ಕುಡದ ಹೋದ್ರು.

ತೊಯ್ಸಿಕೊಂಡು ಬಂದ ಹುಡುಗಿ ಏನಂದಿದ್ಲು ಗೊತ್ತೇನ್ರಿ, "ಛತ್ರಿ ಹೊಳ್ಳಿ ನಿಂತ್ತ್ರಿ". ಹೊಳ್ಳು, ಗ್ರಂಥದ ಹೊರಳು. ಹೊಳ್ಳಿ ನೋಡು, ಹೊಳ್ಳಿ ಬಾ, ರೊಟ್ಟಿ ಹೊಳ್ಳಿ ಹಾಕು. ರೊಟ್ಟಿ ಹೊಳ್ಳಿ ಹಾಕಿದ್ರ ಯಾವ ಮಗ್ಗಲು ಮ್ಯಾಲೆ ಅಂತ ಯಾರೂ ಕೇಳಂಗಿಲ್ಲ, ಬದಲಾತು ಅನ್ನೋದಷ್ಟ ಮುಖ್ಯ. ಅದಕ್ಕ "ಹೊರಳುವುದು" ಅಂತ ಬರೀಸ್ಬೇಕಂತ ಮಾಡೀನಿ. ಸಂಶಯ ಏನಂದ್ರ ತುಂಗಭದ್ರಾ ದಾಟಿ ದಕ್ಷಿಣಕ್ಕ ಹೋದ್ರ ಹೊರಳು ಅಂದ್ರ ನೆಲದ ಮ್ಯಾಲೆ ಉರುಳೋದು ಅಂತ ತಿಳ್ಕೋತಾರೇನೋ. ಬಳ್ಳಾರಿ ಕಡಿಯವರು ಇದ್ರ ನಿಮ್ಮಲ್ಲಿ ರೊಟ್ಟಿ ಹೊಳ್ಳಿ ಹಾಕ್ತಾರೋ, ಮಗಚಿ ಹಾಕ್ತಾರೋ ಅಷ್ಟ ಹೇಳಿ ಪುಣ್ಯ ಕಟ್ಕೋರಿ.

ಹೊರಳೋದು ಯಾಕ ಅಂತ ಒಂದೆರಡು ಮಾತು. ಗಾಳಿ ವೇಗ ಎರಡು ಪಟ್ಟಾದ್ರ ಒತ್ತಡ ನಾಕು ಪಟ್ಟು. ತಾಸಿಗೆ 36 ಕಿಲೋಮೀಟರ್ ಗಾಳಿಗೆ ಒಂದು ಮೀಟರ್ ಅಗಲದ ಛತ್ರಿ ಎದುರಾಎದುರು ಹಿಡಿದ್ರ ಐದಾರು ಕೆಜಿ ಭಾರ ನೂಕಿದಂಗ, 72 ಆದ್ರ ಇಪ್ಪತ್ತು ಕೆಜಿ ಮ್ಯಾಲೆ. ಕಡ್ಡಿ ತಡೀಬೇಕಲ್ರಿ. ಹಿಂದಕ್ಕ ಯುರೋಪಿನ್ಯಾಗ ತಿಮಿಂಗಿಲದ ಬಾಯಾಗಿನ ಪಟ್ಟಿ ಕಡ್ಡಿಯಾಗಿ ಹಾಕತಿದ್ರು, 1852ರಾಗ ಇಂಗ್ಲೆಂಡಿನ ಸ್ಯಾಮ್ಯುಯಲ್ ಫಾಕ್ಸ್ ಅನ್ನಾಂವ ಉಕ್ಕಿನ ಕಡ್ಡಿಗೆ ಕಾಲುವಿಯಂಗ ತಗ್ಗು ಕೊಟ್ಟು ಹಗುರ ಮಾಡ್ದ. ಈಗಲೂ ಛತ್ರಿ ಕಡ್ಡಿ ಬೆರಳಿಲೆ ಸವರಿ ನೋಡ್ರಿ, ಆ ಕಾಲುವಿ ಸಿಗತೈತಿ. 2006ರಾಗ ನೆದರ್ಲೆಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯದಾಗ ಕಲ್ತ ಹುಡುಗ್ರು ಸೆಂಜ್ ಅಂತ ಒಂದು ಛತ್ರಿ ತಂದ್ರು, ಗುಂಡಗಿಲ್ಲ ಅದು, ಮುಂದ ಮೋಟು, ಹಿಂದ ಉದ್ದ. ಮೋಟು ಕಡಿ ಗಾಳಿಗೆ ಮಾಡಿದ್ರ ಹಿಂದಿನ ಉದ್ದ ಭಾಗ ತಾನ ಗಾಳಿ ಹಾದಿಗೆ ಹೊಂದಿಕೊಂಡು ನಿಲ್ಲತೈತಿ, ಪಟದ ಬಾಲಂಗೋಚಿ ಮಾಡೋ ಕೆಲಸನ. ಅದಕ್ಕ ಆ ಹಿಂದಿನ ಭಾಗಕ್ಕ ನಮ್ಮ ಚಾರ್ಟಿನ್ಯಾಗ "ಬಾಲಂಗೋಚಿ" ಅಂತನ ಬರದೀವಿ, ಇದಕ್ಕ ನಾ ಯಾರ ಅಭಿಪ್ರಾಯನೂ ಕೇಳಂಗಿಲ್ಲ, ಅಷ್ಟು ಖುಷಿ ಆಗೈತಿ.

ನಮ್ಮ ಹುಡುಗ್ರು ಹಳೇ ಎಂಟು ಕಡ್ಡಿ ಛತ್ರಿಗೆ ಹಿಂದಿನ ಮೂರು ಕಡ್ಡಿಗೆ ಸೈಕಲ್ ಸ್ಪೋಕ್ಸ್ ಕಟ್ಟಿ ಉದ್ದ ಮಾಡಿ, ನೆತ್ತಿಗೆ ತೂತು ತಗದು, ಅದರ ಮ್ಯಾಲೆ ಇನ್ನೊಂದು ಸಣ್ಣ ಬಟ್ಟಿ ಟೋಪಿ ಹೊಲದಾರ, ಒಳಗ ತುಂಬಿದ ಗಾಳಿ ಅಲ್ಲಿಂದ ಪಾರಾಗಲಿ ಅಂತ. ಈ ತೂತಿಗೆ ಅವರು ಇಟ್ಟ ಹೆಸರು ಬೆಳಕಿಂಡಿ. ಮಾಳಿಗಿ ಮನಿಯಾಗ ಹುಟ್ಟಿದ ಹುಡುಗ್ರಿಗೆ ಮ್ಯಾಲಿನ ತೂತೆಲ್ಲಾ ಬೆಳಕಿಂಡಿನ. ಬೆಳಕು ಬರಂಗಿಲ್ಲಲ್ರೋ ಇಲ್ಲಿ ಅಂದೆ, ಗಾಳಿ ಹೋಗತೈತಲ್ರಿ ಸರ್ರ ಅಂದ್ರು. "ಗಾಳಿಕಿಂಡಿ" ಅಂತ ತಿದ್ದಿಸೀನಿ. ಪರೀಕ್ಷಾ ಹ್ಯಾಂಗ ಮಾಡಿದ್ವಿ ಅಂದ್ರ ಒಂದು ಟೇಬಲ್ ಫ್ಯಾನು, ಹೊಲಕ್ಕ ಕೀಟದ ಔಷಧ ಹೊಡಿಯೋ ಪಂಪು (ನಾಕ್ ಸಲ ತೊಳದು, ಬರೇ ನೀರು ತುಂಬಿ), ಮತ್ತ ಖಾಕಿ ರಟ್ಟಿನ ಒಂದು ಮನುಷ್ಯಾ. ರಟ್ಟು ತೊಯ್ದಷ್ಟು ಬಣ್ಣ ಗಾಢ ಆಗತೈತಿ, ಗೆರಿ ಹೊಡದು ಅಳೀಬೋದು. ಬಾಲಂಗೋಚಿ ಹಿಂದಿನ ಮಗ್ಗಲ ಚೊಲೋ ಕಾಯ್ತು, ಮುಂದಿನ ಕಾಲು ತೊಯ್ಯೋದು ಮಾತ್ರ ತಪ್ಪಲಿಲ್ಲ, ಅದಕ್ಕ ಛತ್ರಿ ಗಾಳಿ ಕಡಿ ಬಗ್ಗಿಸಿ ಹಿಡೀಬೇಕು, ಬಗ್ಗಿಸಿದ್ರ ಎದುರಿನ ಟ್ರ್ಯಾಕ್ಟರ್ ಕಾಣಂಗಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ಛತ್ರಿ ಅನ್ನೋದು ಸಂಸ್ಕೃತದ ಛತ್ರ, ನಮ್ಮ ಹಳೇ ಸತ್ತಿಗೆನೂ ಅದರದ್ದ ತದ್ಭವ. ರಾಜರಿಗೆ ಬೆಳ್ಗೊಡೆ ಹಿಡಿಯೋದು ಮಳಿಗಲ್ಲ. ಇಂಗ್ಲಿಷಿನ ಅಂಬ್ರೆಲ್ಲಾದಾಗೂ ಇರೋದು ಲ್ಯಾಟಿನ್ನಿನ "ನೆರಳು" ಅನ್ನೋ ಪದ. ಬಿಸಿಲು ಗಾಳಿಗೆ ವಾಲಂಗಿಲ್ಲ, ಅದಕ್ಕ ತಲಿ ಮ್ಯಾಲೆ ಒಂದು ಗುಂಡನ ಮುಚ್ಚಳ ಸಾಕಾತು. ಆ ಮುಚ್ಚಳಾನ ತಂದು ಮಳಿಗೆ ಹಿಡದೀವಿ. ಮಳಿಗಂತನ ಮಾಡಿದ್ದು ನೋಡಬೇಕಂದ್ರ ಕೊಪ್ಪಿ ನೋಡ್ರಿ, ಗೊಬ್ಬರ ಚೀಲದ ಒಂದು ಮೂಲಿ ಇನ್ನೊಂದರಾಗ ತುರುಕಿ ತಲಿಗೆ ಹಾಕ್ಕೊಂಡ್ರ ಬೆನ್ನು ಪೂರಾ ಒಣಾ, ಎರಡೂ ಕೈ ಖಾಲಿ, ಗಾಳಿಗೆ ಬೆನ್ನು ಮಾಡಿ ಕಳೆ ತಗೀತಾರ. ಮಲೆನಾಡಿನ್ಯಾಗ ನಾಟಿ ಮಾಡೋ ಹೆಣ್ಣುಮಕ್ಕಳು ಬಿದಿರು, ಎಲಿ ಹೆಣದ ಗೊರಬು ಹಾಕ್ಕೊಳ್ಳೋದು ಅದ ತತ್ವದ ಮ್ಯಾಲೆ. ನಮ್ಮ ಅವ್ವ ಇವತ್ತಿಗೂ ಛತ್ರಿ ಬಿಚ್ಚೋದು ಏಪ್ರಿಲ್ ಬಿಸಲಿಗೆ, ಮಳಿ ಬಂದ್ರ ಛತ್ರಿ ಮಡಚಿ ಬಗಲಾಗ ಇಟ್ಕೊಂಡು ಕೊಪ್ಪಿ ಹಾಕ್ಕೋತಾಳ, ತೊಯ್ದ್ರ ಕೆಡತೈತಿ ಅಂತ.

ಉಳದಿದ್ದು ಜಲ್ದಿ ಕೇಳಿಬಿಡ್ತೀನಿ. ಗಾಳಿ ಬಂದು ಬಡಿಯೋ ಮಗ್ಗಲಿಗೂ ಅದರ ಆಚಿ ಮಗ್ಗಲಿಗೂ ಪದ ಬೇಕು. ರಾಶಿ ಮಾಡೋರು ಹೇಳೋ ಹಂಗ "ಗಾಳಿ ಎದುರು" ಮತ್ತ "ಗಾಳಿ ಮರಿ" ಅಂತ ಹಾಕೀವಿ, ಮರಿ ಅಂದ್ರ ಕುರಿಮರಿ ಅಂತ ತಿಳೀಬಾರದಂತ "ಮರೆ" ಅಂತ ಬರದೀವಿ. ಛತ್ರಿ ಬಟ್ಟಿಗೆ ಬ್ಯಾರೆ ಪದ ಹುಡುಕೋ ಗೋಜಿಗೆ ಹೋಗಿಲ್ಲ. ನಡುವಿನದ್ದು ಕೋಲು, ಕೆಳಗಿನದ್ದು ಹಿಡಿ, ಬಟ್ಟಿ ಹೊತ್ತದ್ದು ದೊಡ್ಡ ಕಡ್ಡಿ, ಅದನ್ನ ಎತ್ತಿ ಹಿಡಿಯೋದು ಸಣ್ಣ ಕಡ್ಡಿ, ಬಸ್‌ಸ್ಟ್ಯಾಂಡಿನ ಬಾಜೂಕ ಕುಂತು ಛತ್ರಿ ರಿಪೇರಿ ಮಾಡೋ ಅಜ್ಜ ಹಂಗ ಅಂತಾನ, ನಮಗ ಸಾಕು.

ಚಾರ್ಟು ಬರೋ ಸೋಮವಾರ ತನಕ ಮುಗೀಬೇಕು. ಮ್ಯಾಲಿನ ಸಾಲಿನ್ಯಾಗ ಈಗ ಪೆನ್ಸಿಲ್‌ಲೆ "ಎರಚಲಿಗೆ ತಡೆಯುವ, ಗಾಳಿಗೆ ಹೊರಳದ ಛತ್ರಿ" ಅಂತ ಬರದು ಇಟ್ಟೀವಿ. ಸ್ಕೆಚ್‌ಪೆನ್ ತಿದ್ದೋ ಮೊದಲ ನಿಮ್ಮ ಊರಿನ ಪದ ಹಾಕ್ರಿ, ಊರ ಹೆಸರು ಸಮೇತ. ಕನ್ನಡ ಮೇಡಂ ಓದಿ "ಎರಚಲನ್ನು ತಡೆಯುವ" ಆಗಬೇಕು, "ಎರಚಲಿಗೆ" ಅಲ್ಲ ಅಂದಾರ, ಅದು ಖರೇ ಐತಿ, ತಿದ್ದಿಸ್ತೀನಿ.